ಕಲ್ಲಜ್ಜ ನಿಂತಿದ್ದ ಜಾಗ

"ಮೇಡಂ, ಎದ್ದು ಬನ್ನಿ. ಅಲ್ಲೇನೂ ಇಲ್ಲ, ಬರೀ ಮಣ್ಣು."

ಕಂಟ್ರಾಕ್ಟರ್ ಜಯದೇವಪ್ಪ ಹೊಂಗೆ ಮರದ ನೆರಳಲ್ಲಿ ನಿಂತು ಕೂಗಿದ. ಸುರಭಿ ಏಳಲಿಲ್ಲ. ಮೊಣಕಾಲೂರಿ ಕೂತವಳು ಸಡಿಲ ಮಣ್ಣನ್ನು ಬೆರಳಿನಿಂದಲೇ ಸರಿಸಿದಳು. ಗೋಣಿಚೀಲದ ಒಂದು ಹರಕು ತುಂಡು ಕೈಗೆ ಬಂತು.

ಮೂಗಿಗೆ ಹಿಡಿದಳು. ಹರಳೆಣ್ಣೆಯ ವಾಸನೆ.

ಕೋಣನಕುಂಟೆಯ ಈ ಜಾಗದಲ್ಲಿ ಹಳೇ ಸರ್ಕಾರಿ ದಾಖಲೆಗಳಿಗಾಗಿ ಹೊಸ ಪತ್ರಾಗಾರ ಏಳುತ್ತಿತ್ತು. ಹೋದ ವಾರ ಇಲ್ಲಿಂದ ಆಳೆತ್ತರದ ಪೂಜೆಯ ಕಲ್ಲೊಂದು ಮಾಯವಾಗಿತ್ತು. ಅದರ ಜೊತೆಗೇ ವಾಚ್‌ಮನ್ ಪಾಪಯ್ಯನೂ.

"ಪಾಪಯ್ಯನೇ ಮಾರ್ಕೊಂಡಿರೋದು ಮೇಡಂ," ಎಂದ ಜಯದೇವಪ್ಪ. "ಹಳೇ ಕಲ್ಲಿಗೆ ಈಗ ಫಾರ್ಮ್‌ಹೌಸ್‌ನವರು ಸಖತ್ ರೇಟ್ ಕೊಡ್ತಾರೆ. ನಾನು ಸ್ಟೇಷನ್‌ಗೆ ಕಂಪ್ಲೇಂಟೂ ಕೊಟ್ಟಾಯ್ತು."

"ಅರವತ್ತು ದಾಟಿದ ಮನುಷ್ಯ ಒಬ್ಬನೇ ಅಷ್ಟು ದೊಡ್ಡ ಕಲ್ಲು ಎತ್ತಿದ್ನಾ?"

"ಹೈಡ್ರಾ ಇಲ್ಲೇ ನಿಂತಿತ್ತಲ್ಲ. ಡ್ರೈವರ್‌ಗೆ ಏನೋ ಕೊಟ್ಟಿರ್ತಾನೆ."

ಹೈಡ್ರಾ ಎಂದು ಅವರು ಕರೆಯುವ ಆ ಹಳದಿ ಕ್ರೇನು ಇನ್ನೂ ಬೇಲಿಯ ಪಕ್ಕದಲ್ಲೇ ಇತ್ತು. ಅದರ ಡ್ರೈವರು ಕಲ್ಲು ಕಾಣೆಯಾದ ಮಾರನೆಯ ದಿನವೇ ಬೇರೆ ಕೆಲಸಕ್ಕೆ ಹೋಗಿದ್ದ. ಫೋನು ತೆಗೆಯುತ್ತಿರಲಿಲ್ಲ.

ಸುರಭಿ ಗೋಣಿಯ ತುಂಡನ್ನು ತಿರುಗಿಸಿದಳು. ಅದರ ಮೂಲೆಗೆ ಬಿಳಿಯ ನೂಲಿನ ಲಾಡಿಯೊಂದು ಕಟ್ಟಿತ್ತು. ಲಾಡಿಯ ಎರಡೂ ತುದಿ ಹರಿದಿರಲಿಲ್ಲ, ನೀಟಾಗಿ ಕತ್ತರಿಸಿದ್ದವು. ನಡುವೆ ಒಂದು ಗಂಟು, ಒಂದೇ ಎಸಳಿನ ಹೂವಿನಂತೆ ಎಡಕ್ಕೆ ಬಾಗಿದ್ದು.

ಅವಳ ಕೈ ನಿಂತಿತು.

ಕದಿಯುವವನು ಕಲ್ಲನ್ನು ಹಗ್ಗದಲ್ಲಿ ಬಿಗಿದು ಎಳೆಯುತ್ತಾನೆ. ಇದನ್ನು ಯಾರೋ ಗೋಣಿಯಲ್ಲಿ ಸುತ್ತಿ, ಎಲ್ಲೂ ಮುಕ್ಕಾಗದ ಹಾಗೆ ಕಟ್ಟಿದ್ದಾರೆ.

"ಏನ್ ಸಿಕ್ತವ್ವ?" ಎಂದು ಮರಿಯಮ್ಮ ಹತ್ತಿರ ಬಂದಳು.

ಪತ್ತೇದಾರಿಣಿ ಸುರಭಿಗೆ ಕಲ್ಲನ್ನು ಹುಡುಕುವ ಈ ಕೆಲಸ ಒಪ್ಪಿಸಿದ್ದೇ ಮರಿಯಮ್ಮ. ಎಪ್ಪತ್ತು ದಾಟಿದ ಹೆಂಗಸು. ಈ ಜಮೀನು ಅವಳ ತಮ್ಮ ಚಿಕ್ಕಬೈರಪ್ಪನದಾಗಿತ್ತು. ಸುತ್ತಲಿನ ಹೊಲಗಳೆಲ್ಲ ಅಪಾರ್ಟ್‌ಮೆಂಟ್ ಆದ ಮೇಲೆ ಉಳಿದಿದ್ದ ಈ ತುಂಡನ್ನು ಅವನು ಪತ್ರಾಗಾರಕ್ಕೆ ಬಿಟ್ಟುಕೊಟ್ಟಿದ್ದ. ಮರಿಯಮ್ಮ ಒಪ್ಪಿದ್ದು ಒಂದೇ ಮಾತಿನ ಮೇಲೆ. ಹೊಂಗೆ ಮರದ ಮೂಲೆಯನ್ನು ಮುಟ್ಟಬಾರದು, ಅಲ್ಲಿ ಕಲ್ಲಜ್ಜ ನಿಂತಿದ್ದಾನೆ. ಪ್ರತಿ ಅಮಾವಾಸ್ಯೆ ಅವಳು ಬಂದು ಆ ಕಲ್ಲಿಗೆ ಎಣ್ಣೆ ಸವರಿ, ಹೂವಿಟ್ಟು ಹೋಗುತ್ತಿದ್ದಳು.

"ಇನ್ನೂ ಹೇಳೋಕಾಗಲ್ಲ ಅಜ್ಜಿ," ಎಂದು ಸುರಭಿ ಗೋಣಿಯ ತುಂಡನ್ನು ಬ್ಯಾಗಿಗೆ ಹಾಕಿಕೊಂಡಳು. ಏಳುವಾಗ ಕಣ್ಣಿಗೆ ಬಿದ್ದದ್ದು ನೆಲದ ಮೇಲಿನ ಸುಣ್ಣದ ಗೆರೆ. ಕಲ್ಲು ನಿಂತಿದ್ದ ಜಾಗದ ಸುತ್ತ ಚೌಕವಾಗಿ ಎಳೆದಿದ್ದರು. ಗೆರೆ ಹೊಸದು.

"ಜಯದೇವಪ್ಪ, ಈ ಮೂಲೆ ಖಾಲಿ ಬಿಡಬೇಕು ಅಂತ ಮಾತಾಗಿತ್ತಲ್ಲ?"

"ಆಗಿತ್ತು. ಈಗ ಸಾರೇ ಬಂದು, ಇಲ್ಲೂ ದಪ್ಪಕ್ಕೆ ಒಂದು ಬೆಡ್ ಹಾಕ್ಬಿಡಿ ಅಂದ್ರು. ಸಂಜೆ ಕಾಂಕ್ರೀಟ್ ಗಾಡಿ ಬರುತ್ತೆ."

"ಯಾವ ಸಾರ್?"

"ಕಟ್ಟಡ ಸಮಿತಿ ಕಾರ್ಯದರ್ಶಿ. ರಾಮಪ್ರಸಾದ್ ಸಾರ್."

ಸುರಭಿಗೆ ಆ ಹೆಸರು ಕೇಳುವುದೇ ಬೇಡವಾಗಿತ್ತು. ಗಂಟನ್ನು ಕಂಡ ಕ್ಷಣದಿಂದ ಅದೇ ಹೆಸರು ಅವಳ ಎದೆಯಲ್ಲಿ ಕೂತಿತ್ತು.

*

ಜಯನಗರಕ್ಕೆ ಹೋಗುವ ದಾರಿಯಲ್ಲಿ ಮರಿಯಮ್ಮ ಕಾರಿನ ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಜೊತೆಗೆ ಬಂದೇ ಬರುತ್ತೇನೆಂದು ಹಟ ಹಿಡಿದಿದ್ದಳು.

"ಆ ಮೆಟ್ರೋ ಕಂಬ ನಿಂತೈತಲ್ಲ, ಅಲ್ಲಿ ಮುನಿಯಣ್ಣನ ಹುರುಳಿ ಹೊಲ," ಎಂದಳು. "ಇತ್ಲಾಗೆ ಅವರೆಕಾಯಿ. ಚಳಿಗಾಲದಲ್ಲಿ ಸೊಗಡು ರಸ್ತೆಗಂಟ ಬರೋದು. ಬಸ್ಸು ಇದ್ದದ್ದು ಬೆಳಿಗ್ಗೆ ಒಂದು, ಸಂಜೆ ಒಂದು. ನಾವು ಮಕ್ಳು ಓಡ್ಕೊಂಡು ಬಂದು ಅದರ ಧೂಳು ನೋಡೋವು."

"ಕಲ್ಲಜ್ಜ ಆಗಲೂ ಅಲ್ಲೇ ಇದ್ನಾ?"

ಮರಿಯಮ್ಮ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದಳು. ಸಿಗ್ನಲ್ ದಾಟಿದ ಮೇಲೆ, "ಇದ್ದ" ಎಂದಳು. ಆಮೇಲೆ ಹೊಲದ ಮಾತು ನಿಂತುಹೋಯಿತು.

ಸುರಭಿಯೂ ತನ್ನ ಯೋಚನೆಯಲ್ಲಿದ್ದಳು. ಬನಶಂಕರಿ ದಾಟಿ ಜಯನಗರದ ಮರಗಳ ಕೆಳಗೆ ಕಾರು ಬಂದಾಗ ಅವಳಿಗೆ ಬೇಸಿಗೆ ರಜೆಗಳು ನೆನಪಾದವು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ ಪಕ್ಕದ ಮನೆಯ ರಾಮಪ್ರಸಾದ್, ಅವಳ ರಾಮು ಮಾಮ, ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ತನ್ನ ಆಫೀಸಿಗೆ ಕರೆದೊಯ್ಯುತ್ತಿದ್ದರು. ಹಳೇ ಪತ್ರಾಗಾರ. ಒಳಗೆ ಕಾಲಿಟ್ಟರೆ ಬಜೆ, ನುಸಿಗುಳಿಗೆ, ಒಣ ಬೇವಿನ ಸೊಪ್ಪಿನ ವಾಸನೆ. ಹೆಂಚಿನ ಸಂದಿಯಿಂದ ಬಿಸಿಲಿನ ಕೋಲು ಇಳಿದು ಕಡತದ ರಾಶಿಗಳ ಮೇಲೆ ಬೀಳುತ್ತಿತ್ತು.

ಅಲ್ಲಿ ಅವರು ಅವಳಿಗೆ ಹಳೇ ಅಕ್ಷರ ಓದಿಸಿದ್ದರು. ಹಾಳೆಯನ್ನು ತುದಿ ಹಿಡಿಯದೆ ಅಂಗೈ ಮೇಲೆ ಮಲಗಿಸಿ ಮಗುಚುವುದನ್ನು ಕಲಿಸಿದ್ದರು. ಕಡತದ ಕಟ್ಟಿಗೆ ಲಾಡಿ ಬಿಗಿಯುವುದನ್ನೂ. ಮಧ್ಯಾಹ್ನ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಮುಚ್ಚಳದ ಮೇಲೆ ಅರ್ಧ ಹಾಕಿ ಅವಳ ಕಡೆ ತಳ್ಳುತ್ತಿದ್ದರು.

ಅವಳು ಪತ್ತೇದಾರಿ ಕೆಲಸ ಆರಿಸಿಕೊಂಡಾಗ ಮನೆಯಲ್ಲಿ ಎಲ್ಲರೂ ಮುಖ ಗಂಟಿಕ್ಕಿದ್ದರು. ರಾಮು ಮಾಮ ಮಾತ್ರ ನಕ್ಕಿದ್ದರು. "ಅದೂ ಹುಡುಕೋ ಕೆಲಸವೇ ಅಲ್ವೇ ಮರಿ."

ಇವತ್ತು ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದಳು.

*

ಗೇಟು ಮೊದಲಿನ ಹಾಗೇ ಕಿರುಗುಟ್ಟಿತು. ಸಂಪಿಗೆ ಮರ ದಪ್ಪವಾಗಿತ್ತು. ಪಕ್ಕದ ಕಾರ್ ಶೆಡ್ಡಿನ ಬಾಗಿಲು ಮುಚ್ಚಿತ್ತು. ರಾಮು ಮಾಮ ಕಾರು ಮಾರಿ ಎಷ್ಟೋ ವರ್ಷವಾಗಿತ್ತು. ಆ ಶೆಡ್ಡಿನ ಬಾಗಿಲು ಸದಾ ತೆರೆದೇ ಇರುತ್ತಿದ್ದುದು ಅವಳಿಗೆ ನೆನಪಿತ್ತು.

"ಅಜ್ಜಿ, ಸ್ವಲ್ಪ ಹೊತ್ತು ಇಲ್ಲೇ ಕೂತಿರಿ," ಎಂದು ಮರಿಯಮ್ಮನನ್ನು ಸಂಪಿಗೆ ಮರದ ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋದಳು.

"ಸುರಭೀ! ಎಷ್ಟು ದಿನ ಆಯ್ತೇ ನಿನ್ನ ಮುಖ ನೋಡಿ!" ರಾಮು ಮಾಮನ ಹೆಂಡತಿ ಸೀತಾಲಕ್ಷ್ಮಿ ಕೈ ಒರೆಸಿಕೊಳ್ಳುತ್ತಾ ಬಂದರು. "ಕೂತ್ಕೋ, ಕಾಫಿ ತರ್ತೀನಿ. ಯಾರಮ್ಮ ಹೊರಗೆ ಕೂತಿರೋರು? ಅವರಿಗೂ ತರ್ತೀನಿ."

ರಾಮಪ್ರಸಾದರು ಬೆತ್ತದ ಕುರ್ಚಿಯಲ್ಲಿದ್ದರು. ಕನ್ನಡಕ ಹಣೆಯ ಮೇಲಿತ್ತು. ಎದುರಿನ ಮೇಜಿನ ಮೇಲೆ ಹೊಸ ಕಟ್ಟಡದ ನಕ್ಷೆ ಹರಡಿಕೊಂಡಿತ್ತು.

"ಬಾ ಮರಿ. ನೋಡು, ಓದುವವರ ಕೋಣೆಗೆ ಉತ್ತರದ ಕಿಟಕಿ ಹಾಕಿಸ್ತಾ ಇದೀನಿ. ಬೆಳಕು ಬೇಕು, ಬಿಸಿಲು ಬೇಡ."

ಅವರ ದನಿಯಲ್ಲಿನ ಸಂತೋಷ ಕಂಡು ಸುರಭಿಗೆ ಮಾತು ತೆಗೆಯುವುದೇ ಕಷ್ಟವಾಯಿತು. ನಕ್ಷೆಯ ಮೇಲೆ ಆ ಬಿಳಿ ಲಾಡಿಯನ್ನು, ಗೋಣಿಯ ತುಂಡಿನ ಸಮೇತ ಇಟ್ಟಳು.

"ಇದನ್ನ ಯಾರು ಕಟ್ಟಿದ್ದು ಮಾಮ?"

ಅವರ ಕೈ ತಾನಾಗಿಯೇ ಮುಂದೆ ಬಂತು. ಎರಡು ಬೆರಳಲ್ಲಿ ತುದಿ ಹಿಡಿದು ಮೆಲ್ಲಗೆ ಎಳೆದರು. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

"ಎಳೆದ ತಕ್ಷಣ ಬಿಚ್ಕೋಬೇಕು, ಇಲ್ಲದಿದ್ರೆ ಕಾಗದಕ್ಕೆ..." ಎಂದವರು ಅಲ್ಲಿಗೇ ನಿಂತರು.

"ಕಾಗದಕ್ಕೆ ನೋವಾಗುತ್ತೆ," ಎಂದು ಸುರಭಿ ಮುಗಿಸಿದಳು.

ಸೀತಾಲಕ್ಷ್ಮಿ ಕಾಫಿ ತಂದಿಟ್ಟರು. ಇಬ್ಬರ ಮುಖವನ್ನೂ ನೋಡಲಿಲ್ಲ, ಅವಸರದಲ್ಲಿದ್ದರು.

"ಮುಸ್ಸಂಜೆ ಆಗ್ತಾ ಬಂತು. ಇರಿ, ದೀಪ ಹಚ್ಚಿ ಬರ್ತೀನಿ."

ದೀಪ ಹಿಡಿದು ಅವರು ಹೋದದ್ದು ದೇವರ ಮನೆಗಲ್ಲ. ಅಂಗಳಕ್ಕೆ.

"ಸೀತಾ, ಈಗ ಬೇಡ," ಎಂದರು ರಾಮಪ್ರಸಾದರು.

"ಬೇಡ ಅಂದ್ರೆ? ದೇವರು ತಾನಾಗಿ ಮನೆಗೆ ಬಂದಿರೋವಾಗ ಕತ್ತಲಲ್ಲಿ ಇಡೋಕಾಗುತ್ತಾ?"

ಕಾರ್ ಶೆಡ್ಡಿನ ಬಾಗಿಲು ತೆರೆದ ಸದ್ದು ಕೇಳಿಸಿತು.

ರಾಮಪ್ರಸಾದರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನನ್ನ ಕಳ್ಳ ಅಂತೀಯಾ?"

"ನೀವೇ ಹೇಳಿ."

"ಆ ಕಲ್ಲಿನ ಮೇಲುಭಾಗ ಮಾತ್ರ ಎಲ್ಲರೂ ನೋಡಿದ್ದು. ಎಣ್ಣೆ ಹಿಡಿದು ಕಪ್ಪಾಗಿತ್ತು. ಪಕ್ಕದಲ್ಲಿ ಜೆಸಿಬಿ ಮಣ್ಣು ತೆಗೆದಾಗ ಕೆಳಗಿನ ಭಾಗ ಕಾಣಿಸ್ತು. ಅಕ್ಷರ ಇತ್ತು ಸುರಭಿ. ಬಹಳ ಹಳೇ ಅಕ್ಷರ. ಇಂಥಾ ಕಲ್ಲು ಸಿಕ್ಕಿದ್ರೆ ಏನಾಗುತ್ತೆ ಗೊತ್ತಲ್ಲ?"

"ಕೆಲಸ ನಿಲ್ಲುತ್ತೆ. ಪರೀಕ್ಷೆಗೆ ಬರ್ತಾರೆ."

"ಬರೋದು ಯಾವಾಗ? ಮಾರ್ಚ್ ಒಳಗೆ ತಳಪಾಯ ಮುಗಿಸಿ ತೋರಿಸಿದ್ರೆ ಮಾತ್ರ ಸರ್ಕಾರದಿಂದ ಮುಂದಿನ ಕಂತು. ಇಲ್ಲದಿದ್ರೆ ಅನುದಾನ ವಾಪಸ್. ಹಿಂದೆ ಎರಡು ಸಲ ಹಾಗೇ ಆಗಿದೆ. ಒಂದು ಸಲ ಜಾಗ ಸಿಗಲಿಲ್ಲ ಅಂತ, ಇನ್ನೊಂದು ಸಲ ಮಂತ್ರಿ ಬದಲಾದ್ರು ಅಂತ. ಅಷ್ಟರಲ್ಲಿ ಹಳೇ ಕಟ್ಟಡದ ಮಾಡು ಕುಸೀತು." ಅವರು ನಕ್ಷೆಯ ಅಂಚನ್ನು ನೀವಿದರು. "ನೀನು ಕೂತು ಓದ್ತಿದ್ದ ಆ ಮೂಲೆ ನೆನಪಿದೆಯಾ? ಆ ಗೋಡೆ ಪೂರ್ತಿ ನೀರು ಇಳಿದು, ಕಟ್ಟುಗಳೆಲ್ಲ ಅಂಬಲಿ ಥರ ಆಗಿತ್ತು. ನಾನೇ ಬುಟ್ಟಿಗೆ ಬಾಚಿ ಹಾಕಿದೆ."

ಸುರಭಿಗೆ ಬಿಸಿಲಿನ ಕೋಲುಗಳು ನೆನಪಾದವು. ಆ ಮೂಲೆ ಇನ್ನಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಪಿಂಚಣಿದಾರರ ಮನೆಮನೆಗೆ ಹೋಗಿ ಚಂದಾ ಎತ್ತಿದೀನಿ," ಎಂದರು ರಾಮಪ್ರಸಾದರು. "ಶ್ರೀನಗರದಲ್ಲಿ ಒಬ್ಬ ಮುದುಕಿ ಕಿವಿ ಓಲೆ ಬಿಚ್ಚಿಕೊಟ್ಟಳು. ಅವಳ ಗಂಡ ಜೀವಮಾನವೆಲ್ಲ ಕಂದಾಯ ಇಲಾಖೆಯಲ್ಲಿ ಬರೆದಿದ್ದನಂತೆ. ಆತ ಬರೆದದ್ದು ಎಲ್ಲಾದರೂ ಇರಲಿ ಅಂದಳು. ಅವಳಿಗೆ ಏನು ಹೇಳಲಿ? ಒಂದು ಕಲ್ಲು ಅಡ್ಡ ಬಂತು ಅಂತಲೇ?"

"ಆ ಕಲ್ಲೂ ಯಾರೋ ಬರೆದದ್ದೇ ಅಲ್ವಾ ಮಾಮ?"

ಅವರು ಕಣ್ಣು ತಗ್ಗಿಸಿದರು.

"ಸೂರು ಮುಗಿದ ಮೇಲೆ ಅದನ್ನ ವಾಪಸ್ ತಂದು ಮುಂಬಾಗಿಲಲ್ಲೇ ನಿಲ್ಲಿಸ್ತಿದ್ದೆ. ದೇವರಾಣೆ. ಅದಕ್ಕೇ ಗಟ್ಟಿ ಬೆಡ್ ಹಾಕಿಸ್ತಾ ಇರೋದು."

"ಮುಂಬಾಗಿಲಲ್ಲಿ ನಿಲ್ಲಿಸೋ ಕಲ್ಲಿಗೆ ಹೊಂಗೆ ಮರದ ಮೂಲೇಲಿ ಬೆಡ್ ಯಾಕೆ?"

ಅವರು ಮೇಜಿನ ಮೇಲಿನ ಕನ್ನಡಕವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು.

ಸುರಭಿ ಇನ್ನೊಂದು ಪ್ರಶ್ನೆ ಕೇಳಿದಳು. "ಪಾಪಯ್ಯ ಎಲ್ಲಿ?"

"ಊರಿಗೆ ಕಳಿಸಿದೆ. ಕಲ್ಲು ಸಾಗಿಸೋಕೆ ಅವನೇ ನೆರವಾದ. ಸ್ವಲ್ಪ ದಿನ ಮಗಳ ಮನೇಲಿ ಇದ್ದು ಬಾ ಅಂದೆ."

"ಅವನ ಮೇಲೆ ಕಳ್ಳತನದ ಕಂಪ್ಲೇಂಟ್ ಆಗಿದೆ. ಮಗಳ ಊರಿಗೇ ಪೊಲೀಸ್ರು ಹೋಗಿದಾರೆ. ಗೊತ್ತಿತ್ತಾ ನಿಮಗೆ?"

ಗೊತ್ತಿತ್ತೆಂದು ಅವರ ಮುಖವೇ ಹೇಳಿತು. ಚಿತ್ರಾನ್ನದಲ್ಲಿ ಅರ್ಧ ಹಂಚಿಕೊಡುತ್ತಿದ್ದ ಮನುಷ್ಯ, ತನ್ನ ಮಾತು ನಂಬಿ ಹೋದವನನ್ನು ಕಳ್ಳನಾಗಲು ಬಿಟ್ಟಿದ್ದರು. ಸುರಭಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು.

ಅಷ್ಟರಲ್ಲಿ ಅಂಗಳದಿಂದ ಒಂದು ಕೂಗು.

*

ಶೆಡ್ಡಿನಲ್ಲಿ ಕಲ್ಲಜ್ಜ ಹಳೇ ಹಾಸಿಗೆಯೊಂದರ ಮೇಲೆ ಮಲಗಿದ್ದ. ಗೋಣಿಯನ್ನು ಅರ್ಧ ಬಿಚ್ಚಿ ಮಡಿಸಿಟ್ಟಿದ್ದರು. ತಲೆಯ ಬಳಿ ಸೀತಾಲಕ್ಷ್ಮಿಯವರ ದೀಪ. ಮರಿಯಮ್ಮ ಕಲ್ಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಕೆನ್ನೆ ಒದ್ದೆಯಾಗಿತ್ತು.

"ಇವರು ನಿಮ್ಮ ದೇವ್ರಾ?" ಎಂದು ಸೀತಾಲಕ್ಷ್ಮಿ ಗಾಬರಿಯಿಂದ ಕೇಳಿದರು. "ನಂಗೊತ್ತಿಲ್ಲ ಕಣಮ್ಮ. ಯಾರೋ ಕೊಟ್ರು ಅಂದ್ರು ನಮ್ಮ ಯಜಮಾನ್ರು. ನಾನು ದಿನಾ ದೀಪ ಮಾತ್ರ ಹಚ್ಚಿದೀನಿ."

"ಒಳ್ಳೇ ಕೆಲಸ ಮಾಡ್ದೆ ಕಣವ್ವ," ಎಂದಳು ಮರಿಯಮ್ಮ.

ರಾಮಪ್ರಸಾದರು ಬಾಗಿಲಲ್ಲಿ ನಿಂತರು. "ಮರಿಯಮ್ಮನೋರೆ, ತಪ್ಪಾಯ್ತು. ನಿಮಗೆ ಮಾತು ಕೊಟ್ಟಿದ್ದೆ."

ಮರಿಯಮ್ಮ ಬೈಯುತ್ತಾಳೆಂದು ಸುರಭಿ ಕಾದಳು. ಅವಳು ಬೈಯಲಿಲ್ಲ.

"ಆಗಿದ್ದು ಆಯ್ತು ಬಿಡಿ ಸಾಮಿ. ಇವತ್ತೇ ತಗೊಂಡೋಗಿ ಇವ್ನು ಎಲ್ಲಿದ್ನೋ ಅಲ್ಲೇ ನಿಲ್ಲಿಸ್ಬಿಡಿ. ಒಂದು ಗೇಣೂ ಆಚೆ ಈಚೆ ಆಗ್ಬಾರ್ದು."

"ಇವತ್ತೇ ಆಗಲ್ಲ ಅಜ್ಜಿ," ಎಂದಳು ಸುರಭಿ. "ಅಕ್ಷರ ಇರೋ ಕಲ್ಲು, ಇಲಾಖೆಗೆ ತಿಳಿಸ್ಬೇಕು. ಪಾಪಯ್ಯನ ಹೆಸರೂ ತೆಗೆಸ್ಬೇಕು. ಮಾಮ, ನೀವೇ ನನ್ನ ಜೊತೆ ಸ್ಟೇಷನ್‌ಗೆ ಬರ್ತೀರಿ."

ರಾಮಪ್ರಸಾದರು ತಲೆಯಾಡಿಸಿದರು. "ಬರ್ತೀನಿ. ಅಂಗಿ ಬದಲಾಯಿಸ್ಕೊಂಡು ಬರ್ತೀನಿ."

ಇಲ್ಲಿಗೆ ಮುಗಿಯಿತೆಂದು ಸುರಭಿಗೆ ಅನಿಸಿತು. ಕಲ್ಲು ಸಿಕ್ಕಿತ್ತು, ತೆಗೆದವರು ಒಪ್ಪಿಕೊಂಡಿದ್ದರು. ಕಟ್ಟಡದ ಗತಿ ಏನಾಗುವುದೋ, ಅದನ್ನು ನಾಳೆ ಯೋಚಿಸಬಹುದು.

ಫೋನು ಬಂತು. ಜಯದೇವಪ್ಪ.

"ಮೇಡಂ, ಪಾಪಯ್ಯ ಬಂದಿದಾನೆ!" ಹಿಂದೆ ಕಾಂಕ್ರೀಟ್ ಗಾಡಿಯ ಡ್ರಮ್ಮು ಗಡಗಡ ತಿರುಗುತ್ತಿತ್ತು. "ನಾನು ಕಳ್ಳ ಅಲ್ಲ, ಸಾರ್ ಯಾಕೆ ಕಲ್ಲು ಎತ್ತಿಸಿದ್ರು ಅಂತ ತೋರಿಸ್ತೀನಿ ಅಂತ ಗುದ್ದಲಿ ತಗೊಂಡು ಆ ಸುಣ್ಣದ ಚೌಕದೊಳಗೇ ಅಗೆದಿದಾನೆ. ಈಗ ಹಳ್ಳದಲ್ಲಿ ಕೂತ್ಕೊಂಡು ಏಳ್ತಾನೇ ಇಲ್ಲ. ಸಾರ್ ಬಂದು ನಿಜ ಹೇಳೋವರ್ಗೂ ಕಾಂಕ್ರೀಟ್ ಹಾಕೋಕೆ ಬಿಡಲ್ಲ ಅಂತಾನೆ."

"ಅಗೆದು ಏನ್ ತೋರಿಸಿದ?"

"ಮೆಟ್ಟಿಲು ಮೇಡಂ. ಕಲ್ಲಿನ ಮೆಟ್ಟಿಲು. ಕೆಳಗೆ ಇಳಿದು ಹೋಗ್ತಿದೆ. ಯಾವುದೋ ಹಳೇ ಕಲ್ಯಾಣಿ ಥರ ಇದೆ. ಕಲ್ಲಜ್ಜ ಅದರ ಬಾಯಿ ಮೇಲೇ ನಿಂತಿದ್ದ."

ಸುರಭಿ ಫೋನನ್ನು ಕಿವಿಯಿಂದ ತೆಗೆಯದೆ ತಿರುಗಿದಳು. "ಪಾಪಯ್ಯ ಬಂದಿದಾನೆ ಮಾಮ. ಕಲ್ಲಿದ್ದ ಜಾಗದಲ್ಲಿ ಅಗೀತಿದಾನೆ."

ಹೊರಡುತ್ತಿದ್ದ ರಾಮಪ್ರಸಾದರು ಗಕ್ಕನೆ ತಿರುಗಿದರು.

"ಎಷ್ಟು ಮೆಟ್ಟಿಲು ತೆಗೆದ?"

ಮೆಟ್ಟಿಲೆಂಬ ಮಾತನ್ನು ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ.

ಅದು ಅವರಿಗೂ ಹೊಳೆಯಿತು. ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಕಲ್ಲಾದ್ರೆ ಎತ್ತಿಡಬಹುದು ಮರಿ," ಎಂದರು ಮೆಲ್ಲಗೆ. "ಕಲ್ಯಾಣಿನ ಎಲ್ಲಿಗೆ ಎತ್ತಿಡ್ಲಿ? ಅದು ಹೊರಗೆ ಬಂದ್ರೆ ಅಲ್ಲಿ ಪತ್ರಾಗಾರ ಏಳಲ್ಲ. ನನ್ನ ಕಾಲಕ್ಕಂತೂ ಏಳಲ್ಲ."

"ಅದಕ್ಕೆ ಮುಚ್ಚಿಸೋಕೆ ಹೊರಟ್ರಾ? ನೀವಾ?"

ಫೋನಿನಲ್ಲಿ ಜಯದೇವಪ್ಪ ಅವಸರಿಸುತ್ತಿದ್ದ. "ಮೇಡಂ, ಗಾಡಿ ಜಾಸ್ತಿ ಹೊತ್ತು ಕಾಯಲ್ಲ, ಮಾಲು ಗಟ್ಟಿಯಾಗುತ್ತೆ. ಏನ್ ಮಾಡ್ಲಿ? ಪಾಪಯ್ಯನ್ನ ಎಳೆದು ಹಾಕಿ ಸುರಿಸ್ಲಾ, ವಾಪಸ್ ಕಳಿಸ್ಲಾ?"

"ವಾಪಸ್..." ಎಂದು ಸುರಭಿ ಬಾಯಿ ತೆರೆದಳು.

ಅವಳ ಮಣಿಕಟ್ಟನ್ನು ಒಂದು ಒರಟು ಕೈ ಹಿಡಿಯಿತು. ಮರಿಯಮ್ಮ. ಕಲ್ಲಿನ ಪಕ್ಕದಿಂದ ಯಾವಾಗ ಎದ್ದು ಬಂದಳೋ ತಿಳಿಯಲಿಲ್ಲ. ಅವಳ ಬೆರಳಿಗಿನ್ನೂ ಎಣ್ಣೆ ಅಂಟಿತ್ತು.

"ಮೆಟ್ಲು ಕಂಡ್ಬುಟ್ವಾ?" ಎಂದಳು.

"ಅಜ್ಜಿ, ನಿಮಗೆ ಗೊತ್ತಿತ್ತಾ?"

"ಸುರಿ ಅನ್ನವ್ವ. ಪಾಪಯ್ಯನ್ನ ಮೇಲಕ್ಕೆ ಎತ್ತಿ, ಸುರಿ ಅನ್ನು."

ಸುರಭಿ ಅವಳನ್ನೇ ದಿಟ್ಟಿಸಿದಳು. ಕಲ್ಲನ್ನು ಹುಡುಕಿಕೊಡು ಎಂದು ಅತ್ತು ಬಂದವಳು ಇವಳೇ. ಎರಡು ಕಡೆ ನಿಂತು ಜಗಳವಾಡಬೇಕಿದ್ದ ಇಬ್ಬರು ಮುದುಕರು ಈಗ ಒಂದೇ ಮಾತು ಹೇಳುತ್ತಿದ್ದರು.

"ಕಲ್ಲಜ್ಜ ಆ ಕಲ್ಯಾಣಿ ಕಾಯೋ ದೇವ್ರಾ?"

"ದೇವ್ರಲ್ಲ." ಮರಿಯಮ್ಮ ತಲೆಯಲ್ಲಾಡಿಸಿದಳು. "ನಾನು ಲಂಗ ಹಾಕ್ಕೊಂಡು ಓಡಾಡೋ ಕಾಲಕ್ಕೆ ಈ ಕಲ್ಲು ಕೆರೆ ಏರಿ ಮ್ಯಾಲೆ ಬಿದ್ದಿತ್ತು. ನಮ್ಮಪ್ಪ ಎತ್ತು ಕಟ್ಟಿ ಎಳ್ಕೊಂಡು ಬಂದು ಅಲ್ಲಿ ನಿಲ್ಲಿಸ್ದ. ಮೆಟ್ಲು ಮುಚ್ಚಿ, ಮಣ್ಣೆಳೆದು, ಮ್ಯಾಲೆ ಇವ್ನನ್ನ ನಿಲ್ಲಿಸ್ದ. ಯಾರೂ ಅಗೀಬಾರ್ದು ಅಂತ ಪೂಜೆ ಮಾಡ್ಸಿದ."

"ಯಾಕೆ?"

ಫೋನಿನಲ್ಲಿ ಡ್ರಮ್ಮಿನ ಸದ್ದು, ಅದರ ನಡುವೆ ಪಾಪಯ್ಯನ ಕೂಗು. ಅವನು ಇನ್ನೂ ಕೆಳಗೆ ಅಗೆಯುತ್ತಿದ್ದ.

ಮರಿಯಮ್ಮ ಸುರಭಿಯ ಕೈ ಬಿಡಲಿಲ್ಲ.

"ಕೆಳಗೆ ನಮ್ಮಣ್ಣ ಅವ್ನೆ ಕಣವ್ವ."